ನಮ್ಮವರು ಕಟ್ಟಿದ ಪಾರ್ಸೆಲ್

ಗಂಡನ ಹೆಸರು ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದರು. ಪಾರ್ಸೆಲ್ ಕಟ್ಟುವ ಮಾತು ಬಂದಾಗ ಮಾತ್ರ ನಾನು ಹೇಳದೆ ಬಿಡುವವಳಲ್ಲ. ರಾಘಣ್ಣ. ಇಲ್ಲಿ ಖಡಕಿಯಲ್ಲಿರುವ ಸೈನ್ಯದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸೆಕ್ಷನ್ನಿನ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಅವರು ಕಟ್ಟಿಸಿದ ಪೆಟ್ಟಿಗೆಗಳು ಹಿಮದ ಬೆಟ್ಟ ಹತ್ತಿವೆ, ಮರಳುಗಾಡು ದಾಟಿವೆ. ಒಳಗಿನ ಸಾಮಾನು ಅಲುಗಾಡಿತು ಎಂಬ ದೂರು ಒಂದೂ ಬಂದಿಲ್ಲ. ಮನೆಯಲ್ಲಿ ನಾನು ಉಪ್ಪಿನಕಾಯಿ ಬರಣಿಯ ಬಾಯಿಗೆ ಬಟ್ಟೆ ಕಟ್ಟಿದರೆ ಅದನ್ನು ಬಿಚ್ಚಿ ತಾವೇ ಮತ್ತೆ ಕಟ್ಟುವ ಮನುಷ್ಯ. ಇದರಿಂದ ನನಗೆ ಎಷ್ಟು ಸಿಟ್ಟು ಬಂದಿದೆಯೋ ಅಷ್ಟೇ ಹೆಮ್ಮೆಯೂ ಇದೆ.

ಶಾಡು ಎಂಬ ನಯವಾದ ಜೇಡಿಮಣ್ಣಿನಲ್ಲಿ ಮಹಾಲಕ್ಷ್ಮಿಯರ ಮುಖ ಮಾಡುವುದು ನನ್ನ ಕೆಲಸ. ಭಾದ್ರಪದದಲ್ಲಿ ಗಣಪತಿಯ ಹಿಂದೆಯೇ ಮನೆಗೆ ಬರುತ್ತಾರಲ್ಲ, ಜ್ಯೇಷ್ಠಾ ಮತ್ತು ಕನಿಷ್ಠಾ, ಆ ಅಕ್ಕ ತಂಗಿಯರ ಮುಖಗಳು. ಮಣ್ಣು ತಿದ್ದುವುದು, ಬಣ್ಣ ಹಚ್ಚುವುದು, ಕಣ್ಣು ಬರೆಯುವುದು ನಾನು. ಊರೂರಿಗೆ ಕಳಿಸಲು ಕಟ್ಟುವುದು ಅವರು. ಆ ಭಾಗದಲ್ಲಿ ನನಗೆ ಬಾಯಿ ಹಾಕುವ ಅಧಿಕಾರವಿಲ್ಲ.

ಈ ವರ್ಷ ಧಾರವಾಡದಲ್ಲಿರುವ ನನ್ನ ಅಣ್ಣನ ಮಗಳು ವರದಾ ಮೊದಲ ಸಲ ತನ್ನ ಮನೆಯಲ್ಲಿ ಮಹಾಲಕ್ಷ್ಮಿ ಕೂಡಿಸುವವಳಿದ್ದಳು. ಕಾತ್ರಜದ ಬಸ್ ಸ್ಟಾಪಿಗೆ ಹೋಗಿ ಧಾರವಾಡದ ಬಸ್ಸಿನ ಡ್ರೈವರ್ ಕೈಗೆ ಕೊಟ್ಟುಬಿಡೋಣ ಎಂದೆ. ಕೇಳಲಿಲ್ಲ. ಸರ್ಕಾರಿ ನೌಕರಿ ಮಾಡಿದವರಿಗೆ ಸರ್ಕಾರಿ ಠಸ್ಸೆಯ ಮೇಲೇ ನಂಬಿಕೆ; ಪೋಸ್ಟಿನಲ್ಲೇ ಹೋಗಬೇಕು ಎಂದರು. ಹಾಗಾದರೆ ವಿಮೆಯನ್ನಾದರೂ ಮಾಡಿಸಿ ಎಂದೆ. ಅದಕ್ಕೆ ಮುಖ ಊದಿಸಿಕೊಂಡರು.

"ನಾ ಕಟ್ಟಿದ್ದಕ್ಕ ವಿಮಾ ಬೇಕೇನು?"

ಬೇಕು ಎಂದೇ ಹಟ ಹಿಡಿದು ಮಾಡಿಸಿದೆ. ಮುಖಗಳನ್ನು ಹಳೆಯ ಧೋತರದಲ್ಲಿ ಸುತ್ತಿ, ಭತ್ತದ ಹುಲ್ಲಿನಲ್ಲಿ ಕೂಡಿಸಿ, ಗಟ್ಟಿ ರಟ್ಟಿನ ಡಬ್ಬಿಯೊಳಗೆ ಡಬ್ಬಿ ಇಟ್ಟು, ಮೇಲೆ ಬಟ್ಟೆ ಹಾಕಿ ದಬ್ಬಣದಿಂದ ಸುತಳಿ ಹೊಲಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಆಮೇಲೆಯೇ ಕೆಳಗಿಟ್ಟರು.

ಹಬ್ಬದ ಹಿಂದಿನ ದಿನ ವರದಾ ಫೋನಿನಲ್ಲಿ ಅಳುತ್ತಿದ್ದಳು. ಕನಿಷ್ಠೆ ನೆಟ್ಟಗಿದ್ದಳು. ಜ್ಯೇಷ್ಠೆಯ ಮೂಗು ಮುರಿದು ಕೆನ್ನೆಯವರೆಗೆ ಬಿರುಕು ಬಿಟ್ಟಿತ್ತು. ಭಿನ್ನವಾದ ದೇವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಮಧ್ಯಾಹ್ನದೊಳಗೆ ಕೆರೆಗೆ ಬಿಟ್ಟು ಬಂದಿದ್ದಳು. ಕಲಶದ ಮೇಲೆ ಅರಿಷಿಣದಲ್ಲಿ ಮುಖ ಬರೆದು ತಂಗಿಯ ಪಕ್ಕದಲ್ಲಿ ಕೂಡಿಸಿದಳಂತೆ. ಬಹಳ ಛಲೋ ಮಾಡಿದಿ ಎಂದು ನಾನೂ ಹೊಗಳಿದೆ. ಆ ಒಡೆದ ಮುಖದ ಫೋಟೋ ತೆಗೆಯಬೇಕು ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದಿದ್ದರೂ ತೆಗೆಯುತ್ತಿರಲಿಲ್ಲ ಬಿಡಿ.

ವಿಮೆ ಕೇಳಲು ಹೋದಾಗ ಗೊತ್ತಾಯಿತು ನಮ್ಮ ಮಡಿಯ ಬೆಲೆ. ಇಲ್ಲಿಯ ಪೋಸ್ಟ್ ಆಫೀಸಿನ ಒಂದು ಕಿಟಕಿಯವರು ಧಾರವಾಡದಲ್ಲಿ ಕೇಳಿ ಎಂದರು. ಧಾರವಾಡದವರು ಪಾರ್ಸೆಲ್ ಹಾಕಿದ ಕಡೆ ಕೇಳಿ ಎಂದು ವರದಾಳನ್ನು ವಾಪಸು ಕಳಿಸಿದರು. ಕೊನೆಗೆ ದೂರುಗಳನ್ನು ನೋಡುವ ಅಪ್ಪಾಸಾಹೇಬ ಸಿಕ್ಕರು. ನಿಪ್ಪಾಣಿ ಕಡೆಯವರು, ಕನ್ನಡ ಬರುತ್ತಿತ್ತು, ಮರ್ಯಾದಸ್ಥರು. ಒಡೆದ ವಸ್ತು ತೋರಿಸಿರಿ ಎಂದರು. ಕೆರೆಯಲ್ಲಿದೆ ಎಂದೆ. ಫೋಟೋ? ಇಲ್ಲ. ಪಾಪ, ಹಣೆ ಒರೆಸಿಕೊಂಡು ಅರ್ಜಿ ತೆಗೆದುಕೊಂಡರು. ಆಮೇಲೆ ಇವತ್ತು ಬಾ, ನಾಳೆ ಬಾ. ದಸರೆ ಮುಗಿದ ಮೇಲೆ ಉತ್ತರ ಬಂತು. ವಸ್ತು ಹಾಜರುಪಡಿಸಿಲ್ಲ. ಪ್ಯಾಕಿಂಗ್ ಸಮರ್ಪಕವಾಗಿರಲಿಲ್ಲ. ಅರ್ಜಿ ತಿರಸ್ಕರಿಸಲಾಗಿದೆ.

ಮೊದಲನೆಯ ಮಾತಿಗೆ ನನ್ನ ತಕರಾರಿಲ್ಲ. ಎರಡನೆಯದನ್ನು ಓದಿದಾಗ ಮೈಯೆಲ್ಲ ಉರಿದುಹೋಯಿತು. ಡಬ್ಬಿಯನ್ನು ಕಣ್ಣಿಂದ ನೋಡದೆ ಹೇಗೆ ಬರೆದರು? ನಮ್ಮವರು ಈಗ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಾರೆ, ನಾನೂ ದನಿಗೂಡಿಸೋಣ ಎಂದು ಕಾದೆ. ಕೂಗಾಡಲಿಲ್ಲ. ಅಂಗೈ ಮಗುಚಿ ನೋಡಿಕೊಂಡರು.

"ಖರೇನ ಇರಬೇಕು ಭಾಮಾ. ಕೈ ಮೊದಲಿನಂಗ ಇಲ್ಲ."

ದಬ್ಬಣ, ಸುತಳಿ ಎರಡನ್ನೂ ಅಟ್ಟಕ್ಕೆ ಹಾಕಿದರು. ದೀಪಾವಳಿಗೆ ಕಳಿಸಬೇಕಾದ ಪುಟ್ಟ ಲಕ್ಷ್ಮಿಯರು ಹಲಗೆಯ ಮೇಲೆ ಸಾಲಾಗಿ ಕೂತಿದ್ದರು. ಅವನ್ನು ಯಾವುದಾದರೂ ಅಂಗಡಿಯಲ್ಲಿ ಕಟ್ಟಿಸು ಎಂದರು. ಚಹಾದ ಕಪ್ಪು ಎತ್ತುವಾಗ ಅವರ ಕೈ ಸ್ವಲ್ಪ ನಡುಗುವುದು ನನಗೆ ಗೊತ್ತಿತ್ತು. ಅದನ್ನು ಅವರು ಮುಚ್ಚಿಡತೊಡಗಿದ್ದು ಆ ಪತ್ರ ಬಂದ ಮೇಲೆ. ನಾನು ಕೋಣೆಗೆ ಬಂದರೆ ಕಪ್ಪು ಕೆಳಗಿಡುತ್ತಿದ್ದರು. ವಿಮೆ ಹಾಳಾಗಿ ಹೋಗಲಿ, ಈ ಮನುಷ್ಯನಿಂದ ಏನು ಕಿತ್ತುಕೊಂಡೆವು ಎಂದು ಆ ಪೋಸ್ಟಿನವರಿಗೆ ಗೊತ್ತಿದೆಯೇ?

ವರದಾಳಿಗೆ ಫೋನು ಮಾಡಿ ಡಬ್ಬಿ ಏನಾಯಿತು ಎಂದು ಕೇಳಿದೆ. ಅಷ್ಟು ಗಟ್ಟಿ ಡಬ್ಬಿಗಳನ್ನು ಹೇಗೆ ಒಗೆಯುವುದು, ಹೊಲಿದ ಬಟ್ಟೆಯನ್ನೂ ಹುಲ್ಲನ್ನೂ ಸಹ ತೆಗೆದಿಟ್ಟಿದ್ದೇನೆ, ಬದಿಯಲ್ಲಿ ತೂತಿತ್ತು, ಎರಡೂ ಡಬ್ಬಿಗೆ ಹಳೆಯ ಲಗ್ನಪತ್ರಿಕೆ ಅಂಟಿಸಿ ಚಕ್ಕುಲಿ ತುಂಬಿಸಿದ್ದೇನೆ ಎಂದಳು.

"ತೂತಿತ್ತಾ? ಮೊದಲ ಯಾಕ ಹೇಳಲಿಲ್ಲ?"

"ಡಬ್ಬಿ ಹೆಂಗಿತ್ತಂತ ಯಾರು ಕೇಳಿದ್ರಿ ಅತ್ಯಾ? ಎಲ್ಲಾರೂ ಮುಖಾನ ಕೇಳಿದ್ರಿ."

ಬೈಯಬೇಕೋ ಮುದ್ದು ಮಾಡಬೇಕೋ ತಿಳಿಯಲಿಲ್ಲ. ಅಂಟಿಸಿದ ಪತ್ರಿಕೆ ಮುಟ್ಟಬೇಡ ಎಂದೆ. ಮುಟ್ಟಿದರೆ ಮುರಿಯುವಂಥ ತೆಳ್ಳಗಿನ ಚಕ್ಕುಲಿ ಮಾಡಿ, ಅದೇ ಡಬ್ಬಿಗಳಲ್ಲಿ, ನಿನ್ನ ಮಾಮಾ ಹೇಗೆ ಹುಲ್ಲು ಹಾಸಿದ್ದರೋ ಹಾಗೆಯೇ ಹಾಸಿ, ಅದೇ ಬಟ್ಟೆ ಹೊಲಿದು ಪೋಸ್ಟಿಗೆ ಹಾಕು ಎಂದೆ.

ಪಾರ್ಸೆಲ್ ಬಂತು. ನಾನು ಬಿಚ್ಚಲಿಲ್ಲ, ಇವರಿಗೂ ಬಿಚ್ಚಲು ಬಿಡಲಿಲ್ಲ. ತೂತಿನ ಮಾತನ್ನೂ ಹೇಳಲಿಲ್ಲ. ಹೇಳಿದ್ದರೆ ನನ್ನನ್ನು ಸಮಾಧಾನ ಮಾಡಲು ಕಥೆ ಕಟ್ಟುತ್ತೀ ಎನ್ನುತ್ತಿದ್ದರು. ಇವರನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ನೇರ ಪೋಸ್ಟ್ ಆಫೀಸಿಗೆ ಹೋದೆ. ಮಂದಿ ನಗುತ್ತಾರೆ, ಸಾಕು ಮಾಡು ಎಂದು ದಾರಿಯುದ್ದಕ್ಕೂ ಗೊಣಗಿದರು. ನಗಲಿ ಎಂದೆ.

ಅಪ್ಪಾಸಾಹೇಬರ ಮೇಜಿನ ಮೇಲೆ ಪಾರ್ಸೆಲ್ ಇಟ್ಟು, ಇದು ಅದೇ ಡಬ್ಬಿ, ಅದೇ ಹುಲ್ಲು, ನಿಮ್ಮದೇ ಪೋಸ್ಟಿನಲ್ಲಿ ಮತ್ತೊಮ್ಮೆ ಬಂದಿದೆ, ನೀವೇ ಬಿಚ್ಚಿರಿ ಎಂದೆ. ಅವರು ಹೊಲಿಗೆ ಕತ್ತರಿಸಿದರು. ಸಾಲಿನಲ್ಲಿ ನಿಂತವರೆಲ್ಲ ಕತ್ತು ಉದ್ದ ಮಾಡಿದರು. ಒಂದೊಂದೇ ಚಕ್ಕುಲಿ ಹೊರಗೆ ಬಂತು. ತಳದವರೆಗೂ ಒಂದೂ ಮುರಿದಿರಲಿಲ್ಲ. ಆಮೇಲೆ ಲಗ್ನಪತ್ರಿಕೆ ಕೀಳಿಸಿದೆ. ಹೊರಗಿನ ಡಬ್ಬಿಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು, ಒಳಗಿನ ಡಬ್ಬಿಯಲ್ಲಿ ಅದರ ನೇರಕ್ಕೆ ಇನ್ನೊಂದು. ಯಾವ ಕೊಕ್ಕೆಯೋ ಯಾವ ಕಂಬಿಯೋ, ದಾರಿಯಲ್ಲಿ ಎಲ್ಲೋ ಚುಚ್ಚಿ ಹೋಗಿತ್ತು.

ನಮ್ಮವರು ಮುಂದೆ ಬಂದು ಆ ತೂತಿನಲ್ಲಿ ಬೆರಳು ಹಾಕಿದರು. ಕೈ ನಡುಗುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ಈ ಸಲ ಮುಚ್ಚಿಡಲಿಲ್ಲ.

"ಜ್ಯೇಷ್ಠಾನ ಮೂಗು ಇಲ್ಲೇ ಇತ್ತು," ಎಂದರು. "ನಾನ ಕೂಡಿಸಿದ್ದೆ."

"ಈ ನಡುಗೋ ಕೈಲೇನ ಕಟ್ಟ್ಯಾರ್ರಿ ಇದನ್ನ," ಎಂದೆ ನಾನು, ಇಡೀ ಆಫೀಸಿಗೆ ಕೇಳುವಂತೆ. "ಧಾರವಾಡಕ್ಕ ಹೋಗಿ ತಿರುಗಿ ಬಂದದ. ನೋಡ್ರಿ."

ಅಪ್ಪಾಸಾಹೇಬರು ಬಹಳ ಹೊತ್ತು ಡಬ್ಬಿ ತಿರುಗಿಸಿ ನೋಡಿದರು. ಒಡೆದ ವಸ್ತುವಿಲ್ಲದೆ ಅರ್ಜಿ ಮತ್ತೆ ತೆರೆಯಲು ಬರುವುದಿಲ್ಲ, ನಿಯಮ ತಮ್ಮ ಕೈಯಲ್ಲಿಲ್ಲ ಎಂದರು. ಪ್ಯಾಕಿಂಗಿನ ಮಾತು ಮಾತ್ರ ತಾವೇ ಬರೆದದ್ದು, ನೋಡದೆ ಬರೆದದ್ದು ತಪ್ಪು ಎಂದು ಎಲ್ಲರೆದುರಿಗೆ ಒಪ್ಪಿಕೊಂಡರು. ಆಮೇಲೆ ಮೇಜು ಬಳಸಿ ಈಚೆಗೆ ಬಂದರು.

"ರಾಘಣ್ಣಾರ, ನಮ್ಮ ಅವ್ವನ ಗಾಜಿನ ದೀಪ ಒಂದದರಿ. ನಾಗಪುರಕ್ಕ ಮಗಳ ಮನೀಗೆ ಕಳಸಬೇಕು. ಒಡೀತದಂತ ಇಷ್ಟು ವರ್ಷ ಧೈರ್ಯ ಆಗಿಲ್ಲ. ನೀವು ಕಟ್ಟಿಕೊಡ್ತೀರೇನ್ರಿ?"

ನಮ್ಮವರು ಗಾಜು ಎಷ್ಟು ಎತ್ತರ ಎಂದು ಕೇಳಿದರು. ಅಪ್ಪಾಸಾಹೇಬರು ಕೈಯಲ್ಲಿ ಅಳತೆ ತೋರಿಸಿದರು. ವಿಮೆ ಮಾಡಿಸುವುದೋ ಬೇಡವೋ ಎಂದು ನಾನು ನಡುವೆ ಚುಚ್ಚಿದೆ.

"ಮಾಡಸ್ರಿ," ಎಂದರು ಇವರು. "ಕಟ್ಟೂದು ನಂದು. ಒಯ್ಯೂದು ಮಂದೀದು."

ವಿಮೆಯ ಹಣ ಇವತ್ತಿಗೂ ಬಂದಿಲ್ಲ, ಬರುವುದೂ ಇಲ್ಲ. ಆ ದಿನ ಮನೆಗೆ ಬಂದ ಕೂಡಲೇ ಇವರು ಚಪ್ಪಲಿ ಬಿಟ್ಟು ನೇರ ಅಟ್ಟದ ಕೆಳಗೆ ಹೋಗಿ, ದಬ್ಬಣ ಎಲ್ಲಿ ಸರಿಸಿಟ್ಟೆ ಎಂದು ನನ್ನ ಮೇಲೇ ಹರಿಹಾಯ್ದರು. ನಾನು ಮುಟ್ಟಿಯೇ ಇರಲಿಲ್ಲ. ಸ್ಟೂಲು ಹಿಡಿದು ನಿಂತೆ. ಇಳಿಸಿಕೊಂಡು ಕೂತರು. ಸುತಳಿ ಪೋಣಿಸಲು ಹೋದರೆ ತುದಿ ದಬ್ಬಣದ ಕಣ್ಣಿನ ಆಚೆ ಈಚೆ ಜಾರುತ್ತಿತ್ತು. ನಾನು ಸಹಾಯಕ್ಕೆ ಹೋಗಲಿಲ್ಲ. ಹಲಗೆಯ ಮೇಲಿದ್ದ ಲಕ್ಷ್ಮಿಯರನ್ನು ಒಬ್ಬೊಬ್ಬರನ್ನಾಗಿ ತಂದು ಅವರ ಮುಂದೆ ಇಟ್ಟೆ.