ಸುಂಕದ ನೀಲವ್ವನ ನಾಲ್ಕು ಕವಡೆ

ಆ ಆಟಕ್ಕೆ ಬೀಳುತ್ತಿದ್ದ ಖರ್ಚು ಇಷ್ಟೇ. ಬಳೆಗಾರ ಸುಂಕಪ್ಪನಿಗೆ ಒಂದು ಸೇರು ಶೇಂಗಾ ಕೊಟ್ಟು ತೆಗೆದುಕೊಂಡ ಕವಡೆಗಳು, ಒಬ್ಬೊಬ್ಬರ ಪಾಲಿಗೆ ನಾಲ್ಕು. ಬಸ್ಸಿನ ಕಂಡಕ್ಟರ್ ಹೊನ್ನೂರಪ್ಪನಿಗೆ ಸುದ್ದಿ ತಂದಾಗೊಮ್ಮೆ ಎರಡು ಜೋಳದ ರೊಟ್ಟಿ, ಮೇಲೆ ಗುರೆಳ್ಳು ಚಟ್ನಿ. ಬಳ್ಳಾರಿಯಲ್ಲಾದರೆ ರೊಟ್ಟಿಯ ಬದಲು ಒಂದು ಚಹಾ. ಪೋಸ್ಟ್ ಕಾರ್ಡು ಹತ್ತು ಪೈಸೆಗೆ ಸಿಗುತ್ತಿದ್ದ ಕಾಲ ಅದು, ಲೆಕ್ಕ ಹಾಕಿದರೆ ರೊಟ್ಟಿಗಿಂತ ಅಗ್ಗ. ಆದರೆ ಒಂದೇ ಸಲ ಕಾರ್ಡಿನ ಸಹವಾಸ ಮಾಡಿ ಅದೆಷ್ಟು ತುಟ್ಟಿಯಾಯಿತೆಂದು ಕುರುಗೋಡಿನ ಚನ್ನವೀರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಚನ್ನವೀರಮ್ಮ ಹಿಟ್ಟಿನ ಗಿರಣಿ ನಡೆಸುವವಳು. ಗಂಡ ತೀರಿಕೊಂಡಾಗ ಮೈದುನರು ಗಿರಣಿ ಮಾರಿಬಿಡೋಣ ಎಂದರು. ಅವಳು ಬೆಲ್ಟು ಏರಿಸುವುದನ್ನೂ ಸವೆದ ಕಲ್ಲಿಗೆ ಟಾಕಿ ಹೊಡೆದು ಒರಟು ಮಾಡುವುದನ್ನೂ ತಾನೇ ಕಲಿತು, ಮೈದುನರ ಮನೆಯ ಜೋಳವನ್ನೂ ದುಡ್ಡು ಇಸಿದುಕೊಂಡೇ ಬೀಸಿಕೊಟ್ಟಳು. ಹಿಡಿದದ್ದನ್ನು ಬಿಡುವ ಹೆಂಗಸಲ್ಲ. ಅವಳು ಹಿಡಿದವುಗಳಲ್ಲೆಲ್ಲ ಹಳೆಯದು ಈ ಆಟ.

ಅದು ಶುರುವಾದದ್ದು ಊರ ಗುಂಡುಗಲ್ಲಿನ ಗುಡ್ಡದ ಬುಡದಲ್ಲಿ, ಒಂದು ಹುಣಸೆಮರದ ಕೆಳಗೆ. ಚನ್ನವೀರಮ್ಮ, ಶಿವಬಸಮ್ಮ, ಹಂಪಮ್ಮ ಎಂಬ ಮೂವರು ಹುಡುಗಿಯರು. ಹಂಪಮ್ಮನ ಕೇರಿ ಬೇರೆ, ಆದರೆ ನೆರಳು ಒಂದೇ. ಚೌಕಾಬಾರ ಆಡಿ ಆಡಿ ಬೇಸರವಾಗಿ, ಒಂದು ದಿನ ಮನೆಗಳನ್ನು ಅಳಿಸಿ ಬರೀ ಕವಡೆ ಉಳಿಸಿಕೊಂಡರು. ಒಬ್ಬಳು ಕಥೆ ಹೇಳಬೇಕು. ಉಳಿದ ಇಬ್ಬರು ಕಥೆಯೊಳಗೆ ಒಂದೊಂದು ಜೀವ ಹಿಡಿಯಬೇಕು. ಆ ಜೀವ ಏನು ಮಾಡುತ್ತದೆ, ಏನು ಮಾತಾಡುತ್ತದೆ ಎಂಬುದು ಹಿಡಿದವಳ ಮರ್ಜಿ. ಆದೀತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಮಾತ್ರ ಅವಳೇ ಕವಡೆ ಎಸೆಯಬೇಕು. ಅಂಗಾತ ಬಿದ್ದಷ್ಟೂ ಒಳ್ಳೆಯದು. ನಾಲ್ಕೂ ಬೋರಲು ಬಿದ್ದರೆ ಆ ಜೀವ ಹೋಯಿತು, ಹಿಡಿದವಳು ಮತ್ತೆ ಕವಡೆ ಮುಟ್ಟುವಂತಿಲ್ಲ. ಬಿದ್ದ ಕವಡೆಯನ್ನು ಎತ್ತಿ ಇನ್ನೊಮ್ಮೆ ಎಸೆಯುವ ಮಾತೇ ಇಲ್ಲ.

ಕಥೆ ಹೇಳುವುದು ಮೊದಲಿನಿಂದಲೂ ಚನ್ನವೀರಮ್ಮನ ಪಾಲು. ಹಂಪಮ್ಮ ಹಿಡಿದದ್ದು ಸುಳ್ಳಿನ ಮೇಲೆಯೇ ಬದುಕುವ ಒಬ್ಬ ಗಾರುಡಿಗನ ಜೀವ. ಶಿವಬಸಮ್ಮನದು ಸುಂಕದ ನೀಲವ್ವ. ಏಳು ಗುಡ್ಡದ ರಾಜ್ಯದ ಗಡಿಯಲ್ಲಿ ಸುಂಕದ ಕಟ್ಟೆ ಹಾಕಿ ಕೂತವಳು ನೀಲವ್ವ. ರಾಜನ ಆನೆ ಬಂದರೂ ಆನೆಗಿಷ್ಟು, ಅಂಕುಶಕ್ಕಿಷ್ಟು ಎಂದು ವಸೂಲಿ ಮಾಡುವವಳು. ಒಮ್ಮೆ ದೆವ್ವವೊಂದು ತನಗೆ ಮೈಯೇ ಇಲ್ಲ, ಸುಂಕ ಯಾವುದಕ್ಕೆ ಎಂದು ವಾದಿಸಿದಾಗ, ಕೂಗಿಗೆ ಕೊಡು ಎಂದು ಇಸಿದುಕೊಂಡವಳು. ಶಿವಬಸಮ್ಮನಾದರೋ ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂದು ಹೇಳಲೂ ಹಿಂದೆಮುಂದೆ ನೋಡುವ ಜಾತಿ. ನೀಲವ್ವನ ಮಾತಾಡುವಾಗ ಮಾತ್ರ ಆ ಗಂಟಲು ಎಲ್ಲಿಂದ ಬರುತ್ತಿತ್ತೋ.

ಮದುವೆಗಳಾದವು. ಶಿವಬಸಮ್ಮ ಸಿರುಗುಪ್ಪದ ಅಕ್ಕಿ ವ್ಯಾಪಾರದವರ ಮನೆಗೆ ಹೋದಳು. ಹಂಪಮ್ಮ ಬಳ್ಳಾರಿ ಸೇರಿ ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಹೂವಿನ ಬುಟ್ಟಿ ಇಟ್ಟಳು. ಆಟ ನಿಲ್ಲಬಾರದೆಂದು ಚನ್ನವೀರಮ್ಮ ತನಗೆ ಬರುತ್ತಿದ್ದ ನಾಲ್ಕಕ್ಷರ ಕೂಡಿಸಿ ಸಿರುಗುಪ್ಪಕ್ಕೆ ಒಂದು ಕಾರ್ಡು ಬರೆದಳು: ನೀಲವ್ವ ಹೊಳೆಯ ನಡುವೆ ಇದ್ದಾಳೆ, ಹರಗೋಲು ಮುಳುಗುತ್ತಿದೆ, ಏನು ಮಾಡೋಣ ಬೇಗ ತಿಳಿಸು.

ಓದು ಬಾರದ ಮನೆಯಲ್ಲಿ ಪೋಸ್ಟಿನವನೇ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿಬಿಟ್ಟ. ಶಿವಬಸಮ್ಮ ಹಿತ್ತಲಲ್ಲಿದ್ದಳು. ಅವಳ ಅತ್ತೆ ಕೊಟ್ರಮ್ಮ ಎದೆ ಬಡಿದುಕೊಂಡಳು. ಸೊಸೆ ಬಂದು ಬಾಯಿ ಬಿಡುವುದರೊಳಗೆ ಮನೆಮಂದಿಯೆಲ್ಲ ಅಕ್ಕಿ ಗಿರಣಿಯ ಲಾರಿ ಹತ್ತಿ, ಹಾರ ವಿಭೂತಿ ಹಿಡಿದು ಕುರುಗೋಡಿಗೆ ಬಂದಿಳಿದಿತ್ತು. ಹಿಟ್ಟಿನಲ್ಲಿ ಬೆಳ್ಳಗಾಗಿ ನಿಂತಿದ್ದ ಚನ್ನವೀರಮ್ಮನನ್ನು ಕೊಟ್ರಮ್ಮ ಅಪ್ಪಿಕೊಂಡು ಅತ್ತು, ಹೆಣ ಸಿಕ್ಕಿತೇ ಎಂದು ಕೇಳಿದಳು. ವಿಷಯ ಗೊತ್ತಾದ ಮೇಲೆ ಹಾರವನ್ನು ಗಿರಣಿಯ ಮೋಟಾರಿಗೆ ಹಾಕಿ ಹೋದಳು. ಹುಟ್ಟದೇ ಇದ್ದವಳಿಗಾಗಿ ತನ್ನನ್ನು ಅಳುವಂತೆ ಮಾಡಿದರಲ್ಲ ಎಂಬ ಸಿಟ್ಟು ಅವಳಿಗೆ ಬಹಳ ದಿನ ಇತ್ತು. ಆ ಮನೆಗೆ ಕಾರ್ಡು ಬರುವುದು ಬಂದ್ ಆಯಿತು.

ಆಗ ಸಿಕ್ಕವನು ಹೊನ್ನೂರಪ್ಪ. ಮಧ್ಯಾಹ್ನ ಸಿರುಗುಪ್ಪದಿಂದ ಬಳ್ಳಾರಿಗೆ ಬಂದು, ಅಲ್ಲಿಂದ ಕುರುಗೋಡಿಗೆ ಬಂದು ಉಳಿದು, ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಹಿಂದಿರುಗುವ ಖಾಸಗಿ ಬಸ್ಸಿನ ಕಂಡಕ್ಟರ್. ನಲವತ್ತು ದಾಟಿದ ಮನುಷ್ಯ, ತಲೆಯಲ್ಲಿ ಚಿಲ್ಲರೆ ಬಾಕಿಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವವನು. ಕಥೆ ಅವನ ಬಾಯಲ್ಲಿ ಹೋಗಿ, ಕವಡೆ ಬಿದ್ದ ಬಗೆ ಅವನ ಬಾಯಲ್ಲೇ ಬರತೊಡಗಿತು. ವರ್ಷಗಟ್ಟಲೆ ಹಾಗೇ ನಡೆಯಿತು. ಡ್ರೈವರ್ ಉಚ್ಚೆಂಗೆಪ್ಪ, ನೀಲವ್ವನ ಸುದ್ದಿ ಕೇಳದೆ ಗೇರ್ ಹಾಕುತ್ತಿರಲಿಲ್ಲ ಎಂದು ತೆಕ್ಕಲಕೋಟೆಯ ಪ್ರಯಾಣಿಕರು ನಗುತ್ತಿದ್ದರು.

ಒಂದು ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಚನ್ನವೀರಮ್ಮ ಕಥೆಯನ್ನು ಬಿಗಿ ಮಾಡಿದಳು. ರಾಜನಿಗೆ ಸಾಕಾಗಿತ್ತು. ಸುಂಕದ ಕಟ್ಟೆ ಕಿತ್ತುಹಾಕಲು ದಂಡು ಹೊರಟಿತು. ನೀಲವ್ವ ಓಡುತ್ತಾಳೋ, ನಿಲ್ಲುತ್ತಾಳೋ? ಸಿರುಗುಪ್ಪದಿಂದ ಉತ್ತರ ಬಂತು: ನಿಲ್ಲುತ್ತಾಳೆ, ದಂಡಿನ ಕುದುರೆ ಒಂದಕ್ಕಿಷ್ಟು ಎಂದು ಸುಂಕ ಕೇಳುತ್ತಾಳೆ. ಹಾಗಾದರೆ ಕವಡೆ ಎಸೆ ಎಂದು ಚನ್ನವೀರಮ್ಮ ಹೇಳಿಕಳಿಸಿದಳು. ಹೊನ್ನೂರಪ್ಪ ಮೂರು ಅಂಗಾತ, ಒಂದು ಬೋರಲು ಎಂದು ಬಂದು ಹೇಳಿದ.

ಚನ್ನವೀರಮ್ಮ ಖುಷಿಯಿಂದ ಕಥೆ ಮುಂದುವರಿಸಿದಳು. ದಂಡಿನ ನಾಯಕ ತಲೆ ಕೆರೆದುಕೊಂಡು ಸುಂಕ ಕಟ್ಟಿ ತಿರುಗಿ ಹೋದ, ಈಗ ನೀಲವ್ವ ಏನು ಮಾಡುತ್ತಾಳೆ? ಆ ಪ್ರಶ್ನೆ ಸಿರುಗುಪ್ಪಕ್ಕೆ ಹೋಯಿತು. ಉತ್ತರ ಬರಲಿಲ್ಲ. ಮತ್ತೆ ಕೇಳಿಸಿದಳು. ಮತ್ತೂ ಬರಲಿಲ್ಲ. ಆಯಮ್ಮ ಸುಮ್ಮನೆ ಒಳಗೆ ಹೋದರು ಎಂದಷ್ಟೇ ಹೊನ್ನೂರಪ್ಪ ಹೇಳುತ್ತಿದ್ದ. ಕಥೆ ಹೇಳುವವಳು ಒಬ್ಬಳು, ಕವಡೆ ಎಸೆಯುವವಳು ಒಬ್ಬಳೇ ಆದರೆ ಅದು ಆಟವಲ್ಲ, ಹರಟೆ. ಶಿವಬಸಮ್ಮ ಬಿಟ್ಟರೆ ಎಲ್ಲವೂ ಅಲ್ಲಿಗೆ ಮುಗಿಯಿತು.

ಚನ್ನವೀರಮ್ಮ ಗಮನಿಸಿದ್ದು ಇನ್ನೊಂದನ್ನು. ಹೊನ್ನೂರಪ್ಪ ರೊಟ್ಟಿ ಮುಟ್ಟದೆ ಹೋಗುತ್ತಿದ್ದ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಪುಕ್ಕಟೆ ರೊಟ್ಟಿ ಬೇಡವೆನ್ನುವ ಕಂಡಕ್ಟರನ ಹೊಟ್ಟೆಯಲ್ಲಿ ರೋಗವಲ್ಲ, ಮಾತು ಸಿಕ್ಕಿಕೊಂಡಿರುತ್ತದೆ ಎಂಬುದು ಗಿರಣಿಯಲ್ಲಿ ದಿನಾ ನೂರು ಮುಖ ನೋಡುವವಳಿಗೆ ತಿಳಿಯದೇ? ಮರುದಿನ ಗಿರಣಿಗೆ ಬೀಗ ಹಾಕಿ, ಒಂದು ಚೀಲ ಸಜ್ಜೆ ಹಿಟ್ಟು ಕಟ್ಟಿಕೊಂಡು ಬಸ್ಸು ಹತ್ತಿದಳು. ಹೊನ್ನೂರಪ್ಪ ಟಿಕೆಟ್ ಬೇಡವೆಂದ. ಅವಳು ದುಡ್ಡು ಕೈಗೆ ತುರುಕಿ ಟಿಕೆಟ್ ಹರಿಸಿಕೊಂಡಳು.

ಬಳ್ಳಾರಿಯಲ್ಲಿ ಬಸ್ಸು ನಿಂತಾಗ ಹಂಪಮ್ಮ ಹೂವು ಕಟ್ಟುತ್ತಲೇ ಕಿಟಕಿಯ ಕೆಳಗೆ ಬಂದಳು.

“ಆಕಿ ಹಿಂದ ಯಾಕ ಬಿದ್ದೀಯವ್ವಾ?” ಎಂದಳು. “ದೊಡ್ಡ ಮನಿ ಸೊಸಿ, ಸಾಕಾಗೇತಿ ಆಕಿಗೆ. ಪಾರ್ವತಿನಗರದಾಗ ನನ್ನ ಹೂವಿನ ಗಿರಾಕಿ ಒಬ್ಬಾಕಿ ಟೀಚರಮ್ಮ ಅದಾಳ. ಬಾಯಿ ಜೋರೈತಿ. ಆಕಿನ್ನ ಸೇರಿಸಿಕೊಳ್ಳೋಣು.”

“ಹಲ್ಲು ಬಿದ್ರ ಕಟ್ಟಿಸಬೌದು,” ಎಂದಳು ಚನ್ನವೀರಮ್ಮ. “ನಾಲಿಗಿ ಬಿದ್ರ?”

ಹಂಪಮ್ಮ ನಕ್ಕು ಒಂದು ಮೊಳ ಹೂವು ಕಿಟಕಿಯಿಂದ ಎಸೆದಳು. ಅದು ಶಿವಬಸಮ್ಮನಿಗಂತೆ. ಉಚ್ಚೆಂಗೆಪ್ಪ ಅವತ್ತು ನೀಲವ್ವನ ಸುದ್ದಿ ಕೇಳದೆಯೇ ಗೇರ್ ಹಾಕಿದ. ಹತ್ತಿಯ ಹೊಲಗಳು ಮುಗಿದು ಕಾಲುವೆಯ ಗದ್ದೆಗಳು ಬಂದವು, ಭತ್ತ ಬೇಯಿಸುವ ವಾಸನೆ ಬಂತು, ಸಿರುಗುಪ್ಪ ಬಂತು. ಇಳಿಯುವಾಗ ಚನ್ನವೀರಮ್ಮ ಹಿಟ್ಟಿನ ಚೀಲವನ್ನು ಹೊನ್ನೂರಪ್ಪನ ಹೆಗಲಿಗೆ ಹಾಕಿ, ಮನೆತನಕ ತಂದುಕೊಡು ಎಂದಳು. ಅವನಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ಕೊಟ್ರಮ್ಮ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಕೇರುತ್ತ ಕೂತಿದ್ದಳು. ತಲೆಯೆತ್ತಿ ನೋಡಿ, “ಈ ಸಲ ಯಾರು ಸತ್ರವ್ವ?” ಎಂದಳು.

ಚನ್ನವೀರಮ್ಮ ಅದಕ್ಕೆ ಉತ್ತರ ಕೊಡದೆ, ಸೊಸೆಯನ್ನು ಕರೆಯಿರಿ ಎಂದಳು. ಶಿವಬಸಮ್ಮ ಬಾಗಿಲಿಗೆ ಬಂದಳು. ಬಾ ಎನ್ನಲಿಲ್ಲ. ಹೂವು ತೆಗೆದುಕೊಂಡು ಕೈಯಲ್ಲೇ ಹಿಡಿದು ನಿಂತಳು.

ಏಕೆ ಉತ್ತರ ಕಳಿಸಲಿಲ್ಲ ಎಂದು ಚನ್ನವೀರಮ್ಮ ನೇರವಾಗಿ ಕೇಳಿದಳು.

“ನಾ ಎಸೆದಿದ್ದು ನಾಕೂ ಬೋರಲ,” ಎಂದಳು ಶಿವಬಸಮ್ಮ. ದನಿ ಸಣ್ಣದೇ, ಆದರೆ ನಡುಗಲಿಲ್ಲ. “ನಿನಗೂ ಹಂಗ ಹೇಳಿ ಕಳಿಸೀನಿ. ನೀ ಏನ್ ಮಾಡಿದಿ? ಪಾಪ ಅಂತ ಬದುಕಿಸಿದಿ. ಈ ಮನ್ಯಾಗ ಕುಂದ್ರು ಅಂದಲ್ಲಿ ಕುಂತೀನಿ, ಏಳು ಅಂದಾಗ ಎದ್ದೀನಿ. ಆ ಕವಡಿ ಒಂದು ನನ್ನ ಕೈಲಿ ಬಿದ್ದಿದ್ದು. ಅದನ್ನೂ ನೀನ ತಿರುವಿ ಇಟ್ಟೇನ?”

ಚನ್ನವೀರಮ್ಮನ ಕಣ್ಣು ಹಿಟ್ಟಿನ ಚೀಲದ ಕಡೆ ಹೋಯಿತು. ಹೊನ್ನೂರಪ್ಪ ಚೀಲ ಇಳಿಸಿ, ಅದರ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟಿದ್ದ.

“ನಂದ ತಪ್ಪರಿ,” ಎಂದ. “ಬಳ್ಳಾರಿ ತನಕ ನಾಕೂ ಬೋರಲ ಅಂತ ಬಾಯಿಪಾಠ ಮಾಡಿಕೊಂತ ಬಂದೆ. ಉಚ್ಚೆಂಗೆಪ್ಪಗ ಹೇಳಿದ್ದಕ್ಕ ಅಂವ ಅವತ್ತು ಊಟ ಬಿಟ್ಟ. ನಿಮ್ಮ ಮುಂದ ಬಂದು ನಿಂತಾಗ ನಾಲಿಗಿ ಏಳಲಿಲ್ರಿ. ಮೂರು ಅಂಗಾತ ಅಂದೆ.”

ಹೊನ್ನೂರಪ್ಪ ಬೇಡಿಕೊಳ್ಳತೊಡಗಿದ. ಬದುಕಿದ್ದಾಳಲ್ಲ, ಇದ್ದುಕೊಳ್ಳಲಿ; ಇದರಿಂದ ಯಾರಿಗೇನು ನಷ್ಟ, ಬೇಕಾದರೆ ತಾನು ಇನ್ನು ಮುಂದೆ ರೊಟ್ಟಿಯಿಲ್ಲದೆ ಸುದ್ದಿ ತರುತ್ತೇನೆ ಎಂದ. ಸುಳ್ಳಲ್ಲ, ಒಂದು ಗಳಿಗೆ ಚನ್ನವೀರಮ್ಮನಿಗೂ ಹಾಗೇ ಅನಿಸಿತು. ನೀಲವ್ವ ಸತ್ತಳೆಂದು ಒಪ್ಪಿದರೆ ಶಿವಬಸಮ್ಮ ಕವಡೆ ಮುಟ್ಟುವಂತಿಲ್ಲ. ಅವಳನ್ನು ಉಳಿಸಿಕೊಳ್ಳಲು ಬಂದವಳು ತಾನೇ ಹೊರಗೆ ಹಾಕಿ ಹೋದಂತೆ. ಬದುಕಿದ್ದಾಳೆ ಎಂದರೆ ಶಿವಬಸಮ್ಮ ಮತ್ತೆ ಆಡಲು ಮನಸ್ಸು ಮಾಡುವುದಿಲ್ಲ, ಅದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎರಡು ಕಡೆಯಿಂದಲೂ ಕಲ್ಲು ಸಿಕ್ಕಿಕೊಂಡಿತ್ತು.

ಗಿರಣಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಚನ್ನವೀರಮ್ಮ ಕಾಳನ್ನು ಬೈಯುತ್ತಿರಲಿಲ್ಲ. ಎಲ್ಲಿ ಬಿಚ್ಚಬಹುದು ಎಂದು ನೋಡುತ್ತಿದ್ದಳು. ಈಗಲೂ ನೋಡಿದಳು. ಸತ್ತ ಜೀವದವಳು ಕವಡೆ ಎಸೆಯಬಾರದು, ನಿಜ. ಆದರೆ ಆಟದಲ್ಲಿ ಕವಡೆ ಎಸೆಯದ ಜಾಗವೂ ಒಂದಿತ್ತು, ಕಥೆ ಹೇಳುವವಳದು. ಅಲ್ಲಿ ತಾನೇ ಕೂತಿದ್ದಳು. ಹುಣಸೆಮರದ ಕೆಳಗೆ ಕೂತವಳು ಇಷ್ಟು ವರ್ಷವಾದರೂ ಎದ್ದಿರಲಿಲ್ಲ. ಬೀಸುವಾಗ, ರೊಟ್ಟಿ ಬಡಿಯುವಾಗ, ಗಂಡನ ಕಾಯಿಲೆಯ ದಿನಗಳಲ್ಲಿ ಕೂಡ, ಮುಂದೇನಾಗುತ್ತದೆ ಎಂದು ಅವಳೊಬ್ಬಳಿಗೇ ಗೊತ್ತಿರುತ್ತಿತ್ತು. ಅದರ ರುಚಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಕಟ್ಟೆ ಹತ್ತಿ ಕೊಟ್ರಮ್ಮನ ಪಕ್ಕ ಕೂತಳು.

“ನೀಲವ್ವ ಸತ್ಲು,” ಎಂದಳು. “ನಾಕೂ ಬೋರಲ ಬಿದ್ದಾವು, ಸತ್ಲು. ಆದ್ರ ಹೆಂಗ ಸತ್ಲು ಅನ್ನೋದು ನನಗ ಗೊತ್ತಿಲ್ಲ, ನಾ ಹೇಳಂಗಿಲ್ಲ. ಇವತ್ತಿಗೆ ನನ್ನ ಹೇಳೋದು ಮುಗೀತು. ನೀ ಹೇಳು. ಇನ್ನ ಮ್ಯಾಲ ಕಥಿ ನಿಂದು. ನಾ ಒಂದು ಜೀವ ಹಿಡೀತೀನಿ, ನನಗೂ ಕವಡಿ ಎಸಿಯಾಕ ಕೈ ಅದಾವು.”

ಶಿವಬಸಮ್ಮ ತನಗೆ ಬರುವುದಿಲ್ಲ ಎಂದಳು. ಬರುತ್ತದೆ ಎಂದಳು ಚನ್ನವೀರಮ್ಮ. ಅತ್ತೆಯ ಮುಂದೆ ಹೇಗೆ ಎಂಬಂತೆ ಅವಳು ಕಣ್ಣು ಹೊರಳಿಸಿದಳು. ಚನ್ನವೀರಮ್ಮ ಅಲ್ಲಾಡಲಿಲ್ಲ. ಬಸ್ಸು ಹೊರಡುವ ತನಕ ಹೊತ್ತಿದೆ, ಅದು ಹೋದರೆ ನಾಳೆಯದಿದೆ, ಸಜ್ಜೆ ಹಿಟ್ಟು ತಂದಿದ್ದೇನೆ, ಊಟದ ಚಿಂತೆಯೂ ಇಲ್ಲ ಎಂದಳು.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಶಿವಬಸಮ್ಮ ಕೊನೆಗೆ ಹೊಸ್ತಿಲ ಮೇಲೆ ಕೂತು ಶುರುಮಾಡಿದಳು. ದಂಡು ಬಂತು. ಮುಂದಿನ ಕುದುರೆಯ ಮೂಗಿನ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ ಬಂದರೂ ನೀಲವ್ವ ದಾರಿಗೆ ಅಡ್ಡ ಹಾಕಿದ ಕಟ್ಟಿಗೆಯಿಂದ ಕೈ ತೆಗೆಯಲಿಲ್ಲ. ಹೇಳುತ್ತ ಹೇಳುತ್ತ ಅವಳ ಗಂಟಲು ತೆರೆಯಿತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹಮಾಲರು ನಿಂತರು. ನೀಲವ್ವ ಬಿದ್ದಳು. ಕೊಟ್ರಮ್ಮನ ಮೊರ ಯಾವಾಗಲೋ ನಿಂತಿತ್ತು.

“ಸುಂಕ ಕೊಟ್ರೋ ಇಲ್ಲೋ ಆ ಹಡಬಿಟ್ಟಿಗಳು?” ಎಂದು ಕೊಟ್ರಮ್ಮ ಕೇಳಿದಳು.

“ಇಲ್ರಿ ಅತ್ತಿ,” ಎಂದಳು ಶಿವಬಸಮ್ಮ. “ತುಳಕೊಂಡು ಹೋದ್ರು.”

ಹೊನ್ನೂರಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಅವನಿಗೆ ಶಿಕ್ಷೆ ಏನೆಂದು ಶಿವಬಸಮ್ಮನೇ ಹೇಳಿದಳು. ನೀಲವ್ವ ಸತ್ತ ಬಗೆಯನ್ನು ಉಚ್ಚೆಂಗೆಪ್ಪನಿಗೂ ಹಂಪಮ್ಮನಿಗೂ ಒಂದಕ್ಷರ ಬಿಡದೆ ಅವನೇ ಮುಟ್ಟಿಸಬೇಕು. ಇನ್ನು ಮುಂದೆ ಎಲ್ಲಿ ಕವಡೆ ಬಿದ್ದರೂ ನೋಡಿದವರು ಇನ್ನೊಬ್ಬರು ಇರಬೇಕು.

ಬಸ್ಸು ಹೊರಡುವ ಮುಂಚೆ ಚನ್ನವೀರಮ್ಮ ತನ್ನ ಜೀವವನ್ನು ಹೇಳಿದಳು: ದಂಡಿನ ಹಿಂದೆ ಬರುವ, ಯಾರ ಹಂಗೂ ಇಲ್ಲದ, ಕುದುರೆಗೆ ಲಾಳ ಕಟ್ಟುವ ಒಬ್ಬ ಹೆಂಗಸು. ಆ ಕುದುರೆಗಳ ಕಾಲು ತನ್ನ ಕೈಯಲ್ಲೇ ಇದೆ ಎಂದಳು. ಶಿವಬಸಮ್ಮ ಕನಿಕರ ತೋರಲಿಲ್ಲ. ರಾಜನ ಕುದುರೆ ಒದೆಯುವ ಕುದುರೆ, ಎಸೆ ಎಂದಳು. ಎರಡು ಅಂಗಾತ, ಎರಡು ಬೋರಲು ಬಿದ್ದವು. ಬದುಕಿದಳು, ಆದರೆ ಕುಂಟಿಯಾದಳು.

ನೀಲವ್ವ ಮತ್ತೆ ಬರಲಿಲ್ಲ. ಚನ್ನವೀರಮ್ಮನ ಕೈಯಿಂದ ಕಥೆ ಹೋಯಿತು; ಮುಂದೇನಾಗುತ್ತದೆ ಎಂದು ಎಲ್ಲರಂತೆ ಅವಳೂ ಬಸ್ಸಿಗೆ ಕಾಯಬೇಕಾಯಿತು, ಅದು ಅವಳಿಗೆ ಕಡೆತನಕ ಸುಲಭವಾಗಲಿಲ್ಲ. ಶಿವಬಸಮ್ಮ ಉಳಿದಳು. ಆಟ ಉಳಿಯಿತು.