ಎಫಿ ಯಾವ ಪ್ಯಾರಿಷ್‌ನವಳು?

ಕೇಲಬ್ ಫಾದರ್‌ಗಿಲ್‌ನ ಬಾಯಿ ಮುಚ್ಚಿಸಬೇಕು ಅಂತಲೇ ಎಫಿ ಗಾರ್ತ್‌ವೇಟ್ ಜಿಲ್ಲಾ ಕಚೇರಿಯಿಂದ ಸರ್ವೇ ಮಾಡುವವಳನ್ನು ಕರೆಸಿದ್ದು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ನೆದರ್ ಸ್ಕಾರೋದಲ್ಲಿ ಪ್ರತಿಯೊಬ್ಬರೂ ‘ನಾನಂತೂ ಹೇಳಿರಲಿಲ್ಲಪ್ಪ’ ಅಂತ ಕೈ ತೊಳೆದುಕೊಂಡರು.

ಜಗಳ ಒಂದು ಗುಂಡಿಯ ಬಗ್ಗೆ. ಊರಿನ ಸ್ಮಶಾನ ಬೆಟ್ಟದ ಇಳಿಜಾರಿನಲ್ಲಿದೆ, ಎಲ್ಲಿ ಅಗೆದರೂ ಬಂಡೆ. ಗುದ್ದಲಿ ಇಳಿಯುವಂಥ ಜಾಗ ಉಳಿದಿದ್ದು ಒಂದೇ, ಅದೂ ಎಫಿಯ ಗಂಡ ರೂಬೆನ್‌ನ ಸಮಾಧಿಯ ಪಕ್ಕದಲ್ಲಿ. ಅದು ತನಗೇ ಅಂತ ಎಫಿ ಮನಸ್ಸಿನಲ್ಲೇ ಬೇಲಿ ಹಾಕಿಕೊಂಡಿದ್ದಳು. ರೂಬೆನ್ ಹೋದಾಗಿನಿಂದ ಪ್ರತಿ ಭಾನುವಾರ ಆ ಹುಲ್ಲಿನ ಮೇಲೆ ಕೂತು ವಾರದ ಸುದ್ದಿ ಹೇಳಿ ಬರುವುದು ಅವಳ ಅಭ್ಯಾಸ. ಅಷ್ಟರಲ್ಲಿ ಊರಂಚಿನ ಹಳ್ಳದ ಆಚೆ ದಡದಲ್ಲಿ ವಾಸವಿದ್ದ ಕೇಲಬ್‌ನ ಅಕ್ಕ ವಿನ್ನಿ ತೀರಿಕೊಂಡಳು. ಕೇಲಬ್ ಟೋಪಿ ಕೈಯಲ್ಲಿ ಹಿಡಿದು ಬಂದು ಆ ಜಾಗ ಕೇಳಿದ.

“ಸ್ಮಶಾನ ಇರೋದು ನಮ್ಮ ಪ್ಯಾರಿಷ್‌ನವರಿಗೆ, ಈ ಚರ್ಚಿನ ಗಡಿಯೊಳಗಿನೋರಿಗೆ,” ಅಂದಳು ಎಫಿ. “ಹಳ್ಳದ ಆಚೆ ಇರೋರು ಪಕ್ಕದ ಪ್ಯಾರಿಷ್ ಬ್ರಾಡ್ ಮಾರ್ಲಿಯವ್ರು. ಅಲ್ಲಿಗೇ ತಗೊಂಡ್ಹೋಗು.”

“ಹಳ್ಳ ಮೊದ್ಲು ಇಲ್ಲಿ ಹರೀತಿರ್ಲಿಲ್ಲ ಕಣೆ ಎಫಿ. ನಮ್ಮಜ್ಜನ ಕಾಲದಲ್ಲಿ ದೊಡ್ಡ ನೆರೆ ಬಂದು ದಾರಿ ಬದಲಾಯ್ಸ್ತು. ಗಡಿ ಅಂದ್ರೆ ಹಳೇ ಹಳ್ಳ.”

“ನಿಮ್ಮಜ್ಜ ಕುಡ್ದಾಗ ಬೆಟ್ಟನೂ ನಡೆದಾಡ್ತಿತ್ತಂತೆ!”

ನೆದರ್ ಸ್ಕಾರೋಗೆ ಪಂಚಾಯಿತಿ ಅಂತ ಇಲ್ಲ. ಅಷ್ಟು ದೊಡ್ಡ ಊರೂ ಅಲ್ಲ. ಮತ ಹಾಕುವ ಹಕ್ಕಿರುವವರೆಲ್ಲ ಹಳೇ ಶಾಲೆಯಲ್ಲಿ ಸೇರುತ್ತಾರೆ, ಕೈ ಎತ್ತುತ್ತಾರೆ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅಧ್ಯಕ್ಷಗಿರಿ ಯಾರಿಗೂ ಬೇಡದ ಕೆಲಸವಾದ್ದರಿಂದ ಅದು ಎಫಿಯ ಕೊರಳಿಗೆ ಬಿದ್ದು ಅಲ್ಲೇ ಉಳಿದಿತ್ತು. ಅವಳೇ ಸಭೆ ಕರೆದಳು, ಗಡಿ ಅಳೆಸಬೇಕು ಅಂತ ಅವಳೇ ಠರಾವು ಮಾಡಿಸಿದಳು.

ಸರ್ವೇಗೆ ಬಂದ ಜೋಸ್ಲಿನ್ ಅನ್ನುವ ಹುಡುಗಿ ರಬ್ಬರ್ ಬೂಟು ಹಾಕಿಕೊಂಡು ಗದ್ದೆ ಗದ್ದೆ ಸುತ್ತಿದಳು. ಹಿಂದೆ ಎಫಿ, ಅವಳ ಹಿಂದೆ ಕೇಲಬ್, ಕೊನೆಗೆ ಬೇರೆ ಕೆಲಸವಿಲ್ಲದ ಕುರಿಗಾರ ಆಲ್ಬನ್ ರಿಗ್. ಕೇಲಬ್‌ನ ಕೊಟ್ಟಿಗೆಯ ಕೆಳಗೆ, ಜೊಂಡು ಬೆಳೆದ ತಗ್ಗಿನ ಹತ್ತಿರ ಹುಡುಗಿ ನಿಂತಳು.

“ಇವರು ಹೇಳೋದು ಸರಿ, ಮಿಸೆಸ್ ಗಾರ್ತ್‌ವೇಟ್. ಹಳೇ ಹಳ್ಳ ಇದೇ. ಗಡಿನೂ ಇದೇ. ಇವರ ಮನೆ ನಿಮ್ಮ ಪ್ಯಾರಿಷ್‌ಗೆ ಸೇರುತ್ತೆ.”

ಎಫಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹುಡುಗಿಯ ಮಾತು ಇನ್ನೂ ಮುಗಿದಿರಲಿಲ್ಲ. ಹಳೇ ಹಳ್ಳ ಹಾವಿನ ಹಾಗೆ ಹೊರಳಾಡಿಕೊಂಡು ಹರಿಯುತ್ತಿತ್ತಂತೆ. ಒಂದು ಹೊರಳು ಕೇಲಬ್‌ನ ಮನೆಯನ್ನು ಒಳಗೆ ತೆಗೆದುಕೊಂಡಿತ್ತು. ಇನ್ನೊಂದು ಹೊರಳನ್ನು ಹುಡುಕುತ್ತಾ ಹುಡುಗಿ ಈಚೆ ದಡಕ್ಕೆ ಬಂದು, ಎಫಿಯ ಮನೆ ದಾಟಿ, ಹಿತ್ತಿಲ ಕೋಳಿಗೂಡಿನ ಹಿಂದಿನ ತಗ್ಗಿನಲ್ಲಿ ನಿಂತು ಕೆಮ್ಮಿದಳು.

“ಏನು?” ಅಂದಳು ಎಫಿ.

“ಇಲ್ಲಿ ಗಡಿ ನಿಮ್ಮ ಮನೆಯ ಹಿಂದೆ ಹೋಗುತ್ತೆ.”

“ಹಿಂದೆ ಅಂದ್ರೆ?”

“ಅಂದ್ರೆ… ನೀವು ಬ್ರಾಡ್ ಮಾರ್ಲಿಯವರು.”

ಎಫಿ ಕೋಳಿಗಳ ಕಡೆ ನೋಡಿದಳು. ಅವು ತಗ್ಗಿನ ಆಚೆಗೂ ಈಚೆಗೂ ಓಡಾಡಿಕೊಂಡಿದ್ದವು. ಜನ್ಮವಿಡೀ ಅವಳು ಬ್ರಾಡ್ ಮಾರ್ಲಿಯವರನ್ನು ಆಡಿಕೊಂಡು ನಕ್ಕವಳು. ಅವರಿಗೆ ಕುರಿ ಎಣಿಸಲು ಬರುವುದಿಲ್ಲ, ಅವರ ಪುಡಿಂಗ್ ಉಬ್ಬುವುದಿಲ್ಲ, ಅವರ ಚರ್ಚಿನ ಗಂಟೆಗೆ ನೆಗಡಿ ಅನ್ನುತ್ತಿದ್ದಳು. ಈಗ ಆ ‘ಅವರು’ ಅಂದರೆ ಯಾರು? ಅವಳಿಗೆ ತಲೆಬುಡ ತಿಳಿಯಲಿಲ್ಲ. ತಾನು ಹುಟ್ಟಿದ ಮನೆ ಅದೇ ಜಾಗದಲ್ಲಿ ನಿಂತಿದೆ, ಒಲೆಯ ಮೇಲೆ ಅದೇ ಕೆಟಲ್ ಇದೆ, ಆದರೆ ತಾನು ಮಾತ್ರ ಬೇರೆ ಊರಿನವಳು!

ಮರುದಿನ ಸಂಜೆ ಸಭೆ. ಆಲ್ಬನ್ ಬಾಗಿಲಲ್ಲೇ ಶುರು ಹಚ್ಚಿಕೊಂಡ.

“ಸ್ವಲ್ಪ ಯೋಚ್ನೆ ಮಾಡಿ ನೋಡ್ರಪ್ಪ. ಎಫಿ ಹೊರಗಿನವಳು ಅಂದ್ರೆ ಅವಳು ಅಧ್ಯಕ್ಷೆ ಅಲ್ಲ. ಅಧ್ಯಕ್ಷೆ ಅಲ್ಲ ಅಂದ್ರೆ ಅವಳು ಕರೆದ ಸಭೆ ಸಭೆನೇ ಅಲ್ಲ. ಸಭೆ ಅಲ್ಲ ಅಂದ್ರೆ ಗಡಿ ಅಳೆಸಿದ್ದೂ ಸುಳ್ಳು. ಗಡಿ ಅಳೆದಿದ್ದು ಸುಳ್ಳಾದ್ರೆ ಎಫಿ ಒಳಗಿನವಳು!”

“ಒಳಗಿನವಳಾದ್ರೆ ಸಭೆ ಸರಿ,” ಅಂದ ಇನ್ಯಾರೋ.

“ಸಭೆ ಸರಿಯಾದ್ರೆ ಗಡಿ ಸರಿ. ಗಡಿ ಸರಿಯಾದ್ರೆ ಎಫಿ ಹೊರಗೆ!”

“ಲೇ ಆಲ್ಬನ್, ಅವಳನ್ನ ಬುಗುರಿ ಮಾಡಿಬಿಟ್ಯಲ್ಲೋ.”

ಎಲ್ಲರೂ ನಕ್ಕರು. ಎಫಿಯೂ ನಗಲು ನೋಡಿದಳು, ಬರಲಿಲ್ಲ. ನಿಯಮ ಅಂದರೆ ಪ್ರಾಣ ಬಿಡುವ ಹೆಂಗಸು ಅವಳು. ಅಧ್ಯಕ್ಷರ ಕುರ್ಚಿಯ ಹತ್ತಿರ ಹೋಗಿ, ಅದರ ಬೆನ್ನು ಹಿಡಿದು, ಕೂರದೆ ವಾಪಸ್ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಳು. ಪರವೂರಿನವರು ಸಭೆ ನೋಡಬಹುದು, ಕೈ ಎತ್ತುವ ಹಾಗಿಲ್ಲ. ಆ ಬೆಂಚಿನಿಂದ ಎಷ್ಟು ಜನರನ್ನು ಅವಳೇ ಗದರಿಸಿ ಸುಮ್ಮನಾಗಿಸಿದ್ದಳೋ ಏನೋ.

“ಹಾಗಾದ್ರೆ ಅಧ್ಯಕ್ಷ ಯಾರು?” ಅಂತ ಪ್ರಶ್ನೆ ಬಂತು. ಎಲ್ಲರಿಗೂ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುವ ಕೆಲಸ ಬಿತ್ತು.

“ಕೇಲಬ್ ಆಗ್ಲಿ,” ಅಂದ ಆಲ್ಬನ್. “ನಿನ್ನೆ ತಾನೆ ಊರಿಗೆ ಬಂದಿದಾನೆ, ಪಾಪ. ತಪ್ಪಿಸಿಕೊಳ್ಳೋದು ಹೇಗೆ ಅಂತ ಇನ್ನೂ ಗೊತ್ತಿಲ್ಲ.”

ಹೀಗೆ, ಕೂದಲು ಹಣ್ಣಾಗುವವರೆಗೂ ಅದೇ ಹಳ್ಳದ ನೀರು ಕುಡಿದ ಕೇಲಬ್ ಊರಿನ ಹೊಸಬನಾಗಿ ಕುರ್ಚಿಯಲ್ಲಿ ಕೂತ. ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಾ ಮಾತು ಶುರು ಮಾಡಿದ.

“ನಮ್ಮಕ್ಕ ಇನ್ನೂ ಪೇಟೆಯ ಶವಾಗಾರದಲ್ಲೇ ಇದಾಳೆ,” ಅಂದ. “ಇಲ್ಲಿ ಇರೋದು ಒಂದೇ ಜಾಗ. ಅವಳನ್ನ ಅಲ್ಲಿ ಮಲಗಿಸ್ಬಹುದು ಅನ್ನೋರು ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ.

ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಅವರಿಗೆ ವಿನ್ನಿಯ ಮೇಲೆ ದ್ವೇಷವಿರಲಿಲ್ಲ. ಎಫಿಯ ಮುಖ ನೋಡಿಕೊಂಡು ಕೈ ಎತ್ತಲು ಮನಸ್ಸು ಬರಲಿಲ್ಲ, ಅಷ್ಟೇ. ಕೇಲಬ್ ಕಾಯುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಎಫಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವರು ಕೈ ಎತ್ತದಿದ್ದರೆ ಜಾಗ ಉಳಿಯುತ್ತದೆ. ಆದರೆ ಯಾರಿಗೆ? ತನಗೆ ಸಿಗುವ ಹಾಗಿಲ್ಲ, ವಿನ್ನಿಗೂ ಇಲ್ಲ. ಬರೀ ಹುಲ್ಲು. ರೂಬೆನ್‌ನ ಪಕ್ಕ ಮಲಗಬೇಕಾದ ಹೆಂಡತಿ ಈಗ ಪರವೂರಿನವಳು, ಪರವೂರಿನವಳಾಗಿದ್ದ ವಿನ್ನಿ ಈಗ ಈ ಊರಿನವಳು. ಯಾವ ಕಡೆಯಿಂದ ಯೋಚಿಸಿದರೂ ಅವಳ ತಲೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ವಿನ್ನಿ ಶಾಲೆಯಲ್ಲಿ ತನ್ನ ಜಡೆ ಎಳೆಯುತ್ತಿದ್ದುದು ನೆನಪಾಯಿತು. ಅವಳು ಇಷ್ಟು ದಿನದಿಂದ ಆ ತಣ್ಣನೆ ಕೋಣೆಯಲ್ಲಿ ಒಬ್ಬಳೇ ಕಾಯುತ್ತಿದ್ದಾಳೆ, ತನ್ನ ಒಂದು ಮಾತಿನಿಂದ. ದುಃಖ ಉಕ್ಕಿ ಬಂತು. ಅದು ಯಾರಿಗಾಗಿ ಅಂತಲೂ ಅವಳಿಗೆ ಗೊತ್ತಾಗಲಿಲ್ಲ.

ನೋಡುತ್ತಾಳೆ, ತನ್ನ ಬಲಗೈ ಮೇಲೆ ಹೋಗಿದೆ.

“ಎಫಿ,” ಅಂದ ಆಲ್ಬನ್ ಮೆಲ್ಲಗೆ. ಈ ಸಲ ಅವನು ತಮಾಷೆ ಮಾಡಲಿಲ್ಲ. “ನಿನ್ನ ಕೈ ಲೆಕ್ಕಕ್ಕಿಲ್ಲ ಕಣೆ.”

“ಗೊತ್ತು.”

ಅವಳು ಇಳಿಸಲಿಲ್ಲ. ಆಲ್ಬನ್ ತನ್ನ ಕೈ ಎತ್ತಿದ. ಆಮೇಲೆ ಅವನ ಹೆಂಡತಿ. ಆಮೇಲೆ ಎಲ್ಲರೂ.

ಕೇಲಬ್ ಎದ್ದು ನಿಂತು, ಒಂದೊಂದೇ ಕೈಯ ಕಡೆ ಬೆರಳು ತೋರಿಸಿ ಎಣಿಸುತ್ತಾ ಬಂದ. ಬಾಗಿಲವರೆಗೂ ಬಂದು ಬೆರಳು ಎಫಿಯ ಮೇಲೆ ನಿಂತಿತು.

“ಕೈ ಇಳಿಸು ಎಫಿ. ಎಣಿಸಿ ಆಯ್ತು.”

“ನನ್ನದನ್ನೂ ಎಣಿಸಿದ್ಯಾ?”

“ಎಣಿಸ್ದೆ.”

“ಅದು ತಪ್ಪು, ಕೇಲಬ್. ನಾನು ಈ ಊರಿನವಳಲ್ಲ.”

“ತಪ್ಪಾದ್ರೆ ಆಗ್ಲಿ ಬಿಡು,” ಅಂದ ಕೇಲಬ್. “ಭಾನುವಾರ ರೂಬೆನ್ ಹತ್ರ ಬರ್ತಾ ಇರು. ನಮ್ಮಕ್ಕನಿಗೂ ಸುದ್ದಿ ಹೇಳು.”