ಒಂದನೇ ನಂಬರಿನ ಗೋಲ್‌ಕೀಪರ್

ಸಿಂದಗಿಯ ದನದ ದವಾಖಾನೆಯ ಕಂಪೌಂಡರ್ ಜೈನುದ್ದೀನನಿಗೆ ಹಾಕಿಯ ಹುಚ್ಚು. ಹುಚ್ಚಿಗೇನೂ ಅಡ್ಡಿಯಿಲ್ಲ, ಆದರೆ ಹಂಚಿಕೊಳ್ಳಲು ಊರಲ್ಲಿ ಒಬ್ಬನಾದರೂ ಬೇಕಲ್ಲ! ಅಲ್ಲಿಯವರಿಗೆ ಆಟವೆಂದರೆ ಕುಸ್ತಿ, ಬಹಳವಾದರೆ ಕಬಡ್ಡಿಯಂಥ ಹುತುತು. ಗೋಡೆಗೆ ನೇತುಹಾಕಿದ್ದ ಅವನ ಹಾಕಿ ಕೋಲು ನೋಡಿ ಪಕ್ಕದ ಮನೆಯ ಮಾಬುಬಿ, "ಭಾಯಿ, ಅದರ ತುದಿ ಡೊಂಕ ಐತಲ್ಲ, ಹುಣಸಿಕಾಯಿ ಕೆಡವಾಕ ಭಾಳ ಚಲೋ. ಒಂದೀಟು ಕೊಡ್ರಿ" ಎಂದು ಕೇಳಿದ್ದಳು. ಪಾಪ, ಕೊಟ್ಟೂ ಬಿಟ್ಟಿದ್ದ.

ಹಾಕಿಯ ಮಾತಿಗೆ ಅವನಿಗಿದ್ದವನು ಒಬ್ಬನೇ, ಅವನೂ ಮುದ್ದೇಬಿಹಾಳದಲ್ಲಿ. ಹೆಸರು ಪರಮಾನಂದ, ಶಾಲೆಯ ಡ್ರಿಲ್ ಮಾಸ್ತರ. ಎರಡನೇ ಮಹಾ ಲಡಾಯಿಯ ಕಾಲಕ್ಕೆ ಇಬ್ಬರೂ ಪುಣೆ ಹತ್ತಿರದ ಖಡಕಿಯಲ್ಲಿ ಮಿಲಿಟರಿ ಗೋದಾಮಿನ ನೌಕರರಾಗಿದ್ದರು, ಒಂದೇ ಟೀಮಿನಲ್ಲಿ ಆಡಿದ್ದರು. ಊರಿಗೆ ಮರಳಿದ ಮೇಲೆ ಪೋಸ್ಟ್ ಕಾರ್ಡಿನಲ್ಲೇ ಒಂದು ಆಟ ಹೂಡಿಕೊಂಡರು. ಹಾಕಿಯ ಹನ್ನೊಂದು ಮಹಾ ಆಟಗಾರರ ಪಟ್ಟಿ, ಯಾರು ಮೊದಲು, ಯಾರು ಆಮೇಲೆ. ಒಂದು ಕಾರ್ಡಿಗೆ ಒಂದೇ ಹೆಸರು ಜರುಗಿಸಬೇಕು, ಕಾರಣ ಬರೆಯಬೇಕು. ತಿಂಗಳೊಳಗೆ ಜವಾಬು ಬರದಿದ್ದರೆ ಬರೆದವನ ಪಟ್ಟಿಯೇ ಕಾಯಂ, ಆಟ ಮುಗಿಯಿತು. ರೂಪಸಿಂಗ ಎರಡೋ ಬಲಬೀರ ಎರಡೋ ಎಂಬ ಜಗಳವೇ ಏಳು ವರ್ಷ ನಡೆಯಿತು. ಧ್ಯಾನಚಂದ ಒಂದನೆಯವ ಎಂಬುದರಲ್ಲಿ ಮಾತ್ರ ತಕರಾರಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಕಾರ್ಡಿನ ಅಕ್ಷರ ಬದಲಾಯಿತು. "ಕೈ ನಡಗಾಕತ್ತಾವು. ಮನ್ಯಾಗಿನವರ ಕೈಲೆ ಬರಸಾಕತ್ತೇನಿ" ಎಂದಿದ್ದ ಪರಮಾನಂದ. ಅಕ್ಷರ ದುಂಡಗಿತ್ತು, ಮೊದಲಿಗಿಂತ ಚಂದವೇ ಇತ್ತು. ಜೈನುದ್ದೀನ ತಲೆ ಕೆಡಿಸಿಕೊಳ್ಳಲಿಲ್ಲ.

ಅರವತ್ತರಲ್ಲಿ ರೋಮ್ ಒಲಿಂಪಿಕ್ಸಿನ ಫೈನಲ್ಲಿನಲ್ಲಿ ನಮ್ಮವರು ಪಾಕಿಸ್ತಾನಕ್ಕೆ ಒಂದು ಗೋಲಿನಿಂದ ಸೋತರು. ಜೈನುದ್ದೀನ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮರುವರ್ಷ ಯುಗಾದಿಗೆ ಬಂದ ಕಾರ್ಡು ನೋಡಿ ಹೌಹಾರಿದ. ನಾಲ್ಕನೆಯ ಜಾಗದಲ್ಲಿದ್ದ ಗೋಲ್‌ಕೀಪರ್ ಲಕ್ಷ್ಮಣ ಒಂದನೆಯ ಜಾಗಕ್ಕೆ ಏರಿದ್ದ! ರೋಮಿನಲ್ಲಿ ಗೋಲು ಬಿಟ್ಟವನು ಧ್ಯಾನಚಂದನ ಮೇಲೆ! "ಮಾಸ್ತರ, ನಿನ್ನ ತಲಿ ನೆಟ್ಟಗೈತೇನು?" ಎಂದು ಬರೆದ. ಅಲ್ಲಿಂದ ನಾಲ್ಕು ವರ್ಷ ಅವನು ಇಳಿಸುವುದು, ಮುದ್ದೇಬಿಹಾಳದಿಂದ ಏರಿಸುವುದು.

ಆ ನಡುವೆ ಜೈನುದ್ದೀನನ ಹೆಂಡತಿ ನಜಮಾ ತೀರಿಕೊಂಡಳು. ಮಕ್ಕಳಿರಲಿಲ್ಲ. ಸಂತಾಪಕ್ಕೆ ಬಂದವರು ಮೂರು ದಿನಕ್ಕೆ ಚದುರಿದರು. ಅವನು ಕಾರ್ಡಿನ ಮೂಲೆಯಲ್ಲಿ ಒಂದೇ ಸಾಲು ಬರೆದಿದ್ದ. ಮರುಟಪಾಲಿಗೆ ಜವಾಬು ಬಂತು. "ಒಲಿ ಹಚ್ಚೋದು ಬಿಡಬ್ಯಾಡ. ಒಬ್ಬರ ಸಲುವಾಗಿ ಏನ್ ಅಡಗಿ ಅನಬ್ಯಾಡ. ಲಕ್ಷ್ಮಣ ಒಂದನೆಯವನ." ಅದನ್ನು ಓದಿ ಜೈನುದ್ದೀನ ಅತ್ತ. ಅತ್ತು ಎದ್ದು ಒಲೆ ಹೊತ್ತಿಸಿದ.

ಅರವತ್ನಾಲ್ಕರಲ್ಲಿ ಟೋಕಿಯೊ ಬಂತು. ಅದೇ ಪಾಕಿಸ್ತಾನ, ಅದೇ ಒಂದು ಗೋಲು, ಗೆದ್ದವರು ಮಾತ್ರ ನಾವು. ಗೋಲಿನಲ್ಲಿ ಅದೇ ಲಕ್ಷ್ಮಣ. ಹೋಟೆಲಿನ ರೇಡಿಯೊ ಮುಂದೆ ಸುದ್ದಿ ಕೇಳಿ ಜೈನುದ್ದೀನ ಎದ್ದು ನಿಂತ, ಅಪ್ಪಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ. ಎಲ್ಲರೂ ಭಜಿ ತಿನ್ನುತ್ತಿದ್ದರು. ಅವತ್ತೇ ಬರೆದ: "ಒಂದು ಮಾತು ಎದುರಾ ಎದುರಾನ ಹೇಳಬೇಕಾಗೇತಿ. ಯಾವತ್ತು ಬರ್ಲಿ, ತಿಳಸು."

ಜವಾಬು ಬರಲಿಲ್ಲ. ತಿಂಗಳು ತುಂಬಿತು. ನಿಯಮದಂತೆ ಜೈನುದ್ದೀನ ಗೆದ್ದಿದ್ದ. ಇಂಥ ದರಿದ್ರ ಗೆಲುವು ಯಾರಿಗೆ ಬೇಕು? ಮೂವತ್ತೆರಡನೆಯ ದಿನ ರಜೆ ಹಾಕಿ, ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳಕ್ಕೆ ಹೋದ.

ಬಾಗಿಲು ತೆಗೆದವಳು ಮಾಸ್ತರನ ಹೆಂಡತಿ ಶೆಟ್ಟೆವ್ವ. ಹಣೆ ಬರಿದಾಗಿತ್ತು. ಅದನ್ನು ನೋಡಿ ಜೈನುದ್ದೀನ ಹೊಸ್ತಿಲಲ್ಲೇ ನಿಂತ.

"ಯಾವಾಗ, ವೈನಿ?"

"ರೋಮ್ ಮ್ಯಾಚ್ ಆದ ಚಳಿಗಾಲದಾಗರಿ. ನಾಕು ವರ್ಷ ಆತು."

"ಮತ್ತ ಕಾರ್ಡು?"

"ನಾನ ಬರೀತಿದ್ದೆ, ಅಣ್ಣಾರ." ಅವಳು ನೆಲ ನೋಡುತ್ತಾ ಹೇಳಿದಳು. "ಅವರು ಹೇಳೋರು, ನಾ ಬರಿಯಾಕಿ. ಅವರು ಹೋದ ಮ್ಯಾಲೂ ನಿಮ್ಮ ಕಾರ್ಡು ಬಂತು. ಟಪಾಲಿನಾಂವ ಬಾಗಲಾಗ ನಿಂತು ಪರಮಾನಂದ ಮಾಸ್ತರ ಅಂತ ಕೂಗಿದ. ಆ ಹೆಸರು ಹಿಡದು ಕೂಗೋರು ಮತ್ಯಾರೂ ಉಳದಿರಲಿಲ್ಲರಿ. ಅದನ್ನ ಹೆಂಗ ನಿಂದರಸ್ಲಿ?"

ಜೈನುದ್ದೀನನಿಗೆ ಸಿಟ್ಟು ಬಂತು. ನಾಲ್ಕು ವರ್ಷ ಗೆಳೆಯನಿಗಾಗಿ ಅಳಲೂ ಬಿಡಲಿಲ್ಲವಲ್ಲ ಈಕೆ! ಬೈಯಲು ಬಾಯಿ ತೆರೆದ. ಒಲೆ ಹಚ್ಚೆಂದವಳೂ ಇವಳೇ ಎಂಬುದು ಆಗ ಹೊಳೆಯಿತು.

"ಲಕ್ಷ್ಮಣನ್ನ ಯಾಕ ಮ್ಯಾಲೆ ಹಾಕಿದ್ರಿ?" ಎಂದು ಕೇಳಿದ.

"ರೋಮಿನ್ಯಾಗ ಸೋತಾಗ ಓಣ್ಯಾಗ ಎಲ್ಲಾರೂ ಅವನ್ನ ಬೈದ್ರು. ಒಂದು ಬಿಟ್ಟಿದ್ದು ಕಂಡ್ರು, ತಡದಿದ್ದು ಯಾರೂ ಎಣಸಲಿಲ್ಲ. ನಾನೂ ಇವರನ್ನ ಸಾವಿನ ಕೈಗೆ ಸಿಗದಂಗ ಮೂರು ವರ್ಷ ತಡದ ಇಟ್ಟಿದ್ದೆನ್ರಿ. ಒಂದ ಸಲ ತಪ್ಪಿತು."

ಜೈನುದ್ದೀನ ಹೊಸ್ತಿಲ ಹೊರಗೇ ಕುಳಿತು ಅವಳು ಕೊಟ್ಟ ಚಹಾ ಕುಡಿದ. ಆಮೇಲೆ ತಾನು ಹೇಳಲು ಬಂದ ಮಾತು ಹೇಳಿದ. "ಲಕ್ಷ್ಮಣ ಒಂದನೆಯವನ. ನೀವು ಹೇಳಿದ್ದ ಖರೆ. ಇದನ್ನ ಹೇಳಾಕ ಬಂದಿದ್ದೆ." ಶೆಟ್ಟೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊರಡುವಾಗ, "ಕಾರ್ಡು ಬರೀತೇನಿ, ವೈನಿ. ಹೆಸರು ಅವಂದ ಇರ್ಲಿ" ಎಂದ.

"ಬ್ಯಾಡ್ರಿ. ಮೊದಲ ಅವರ ಬರದಂಗ ಇರ್ತಿತ್ತು. ಈಗ ನಿಮಗ ಗೊತ್ತಾತು, ಇನ್ನ ನಾ ಬರದ್ರ ನಾನ ಬರದಂಗ ಆಗ್ತೈತಿ. ನೀವು ಬರಬಾರದಾಗಿತ್ತು, ಅಣ್ಣಾರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆಚ್ಚು ನೋಯಿಸಿತು. ಎರಡನೆಯ ಸಲ ಪರಮಾನಂದನನ್ನು ಮಣ್ಣು ಮಾಡಿದವನು ತಾನೇ ಎನಿಸಿ ಬಸ್ಸಿನುದ್ದಕ್ಕೂ ತಲೆ ಎತ್ತಲಿಲ್ಲ.

ಆದರೂ ಸಿಂದಗಿಗೆ ಬಂದವನೇ ಬರೆದ. ಮೇಲೆ ಮಾಸ್ತರನ ಹೆಸರು, ಪಟ್ಟಿಯ ತಲೆಗೆ ಲಕ್ಷ್ಮಣ, ಎರಡನೆಯವ ಧ್ಯಾನಚಂದ. ಬಲಬೀರನನ್ನೂ ರೂಪಸಿಂಗನನ್ನೂ ಬೇಕೆಂದೇ ಅದಲು ಬದಲು ಮಾಡಿದ. ಒಂದು ಕಾರ್ಡಿಗೆ ಒಂದೇ ಹೆಸರು ಎಂಬ ನಿಯಮ ಮುರಿದುದಕ್ಕಾದರೂ ಬೈದು ಬರೆಯಲಿ ಎಂದು ಅವನ ಆಸೆ.

ದಿನಾ ಟಪಾಲಿನವನ ದಾರಿ ಕಾದ. ತಿಂಗಳು ತುಂಬಿತು. ಜವಾಬು ಬರಲಿಲ್ಲ. ಅವನ ಪಟ್ಟಿಯೇ ಕಾಯಂ ಆಯಿತು. ಜೈನುದ್ದೀನ ಎದ್ದು ಒಬ್ಬನಿಗಾಗುವಷ್ಟು ಹಿಟ್ಟು ಕಲಸಿ ಒಲೆ ಹಚ್ಚಿದ.